ಪೋಷಕರೂ ಉಪಾಧ್ಯಾಯರೂ: ದೂರಿಲ್ಲದ ಭೇಟಿಯ ಮಹತ್ವ

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಅಧ್ಯಯನವನ್ನು ಮುಗಿಸಿದ ಶಿಷ್ಯನಿಗೆ ಆಚಾರ್ಯನು ಕೊಡುವ ಉಪದೇಶವೊಂದಿದೆ. ದೇವರೆಂದು ಭಾವಿಸಿ ಗೌರವಿಸಬೇಕಾದವರನ್ನು ಅಲ್ಲಿ ಕ್ರಮವಾಗಿ ಹೇಳಿದೆ: ಮೊದಲು ತಾಯಿ, ಬಳಿಕ ತಂದೆ, ಅನಂತರ ಆಚಾರ್ಯ, ಕಡೆಯಲ್ಲಿ ಅತಿಥಿ. ಮೊದಲ ಮೂವರ ಮಹಿಮೆಯನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ನಾಲ್ಕನೆಯವನಾದ ಅತಿಥಿಯು ಅದೇ ಸಾಲಿನಲ್ಲಿ ಏಕೆ ನಿಂತಿದ್ದಾನೆಂದು ಯೋಚಿಸುವವರು ವಿರಳ. ಇದಕ್ಕೆ ಭಾಷ್ಯಕಾರರು ಏನು ಹೇಳುತ್ತಾರೆಂಬುದು ಬೇರೆ ಮಾತು. ಹಲವು ವರ್ಷ ಹಳ್ಳಿಯ ಮಕ್ಕಳಿಗೆ ಕನ್ನಡ ಪಾಠ ಹೇಳಿದ ನನಗೆ ತೋರುವುದು ಇಷ್ಟು: ತಾಯಿತಂದೆಗಳು ಶಾಲೆಗೆ ಅತಿಥಿಗಳಾಗಿಯೂ, ಆಚಾರ್ಯನು ಮನೆಗೆ ಅತಿಥಿಯಾಗಿಯೂ ಹೋಗಿಬರುವುದನ್ನು ಕಲಿತರೆ ಮಗುವಿನ ವಿದ್ಯೆಯ ಅರ್ಧ ಭಾರ ಇಳಿದಂತೆಯೇ ಸರಿ.

ನಮ್ಮ ಮಾತುಗಳಲ್ಲಿಯೇ ಈ ಅರ್ಥ ಅಡಗಿದೆ. ಪೋಷಿಸುವವನು ಪೋಷಕ. ಪುಷ್ಟಿ ಎಂಬ ಪದವೂ ಅದೇ ಧಾತುವಿನಿಂದ ಬಂದುದು. ಯಾರ ಬಳಿಸಾರಿ ಅಧ್ಯಯನ ಮಾಡುವರೋ ಅವನು ಉಪಾಧ್ಯಾಯ. ಇಲ್ಲಿ 'ಉಪ' ಎಂಬುದಕ್ಕೆ ಸಮೀಪವೆಂದು ಅರ್ಥ. ಬಳಿಸಾರಲು ಅಂಜಿಕೆಯಾಗುವಂತಿದ್ದರೆ ಆ ಹೆಸರು ನಮಗೆ ಸಲ್ಲುವುದಿಲ್ಲ. ಮಗುವು ಸಮೀಪಕ್ಕೆ ಬರಬೇಕಾದರೆ ಅದನ್ನು ಪೋಷಿಸುವವರೂ ಸಮೀಪಕ್ಕೆ ಬರುವಂತಿರಬೇಕು.

ಆದರೆ ಇಂದಿನ ಸ್ಥಿತಿಯೇನು? ನಮ್ಮ ಸೀಮೆಯ ಸಾಮಾನ್ಯ ರೈತನೊಬ್ಬನು ಮಗನ ಶಾಲೆಯ ಮೆಟ್ಟಿಲನ್ನು ಹತ್ತುವುದು ಮೂರು ಸಂದರ್ಭಗಳಲ್ಲಿ ಮಾತ್ರ: ಮಗುವನ್ನು ದಾಖಲು ಮಾಡುವಾಗ, ಹಣ ಕಟ್ಟುವಾಗ, ಇಲ್ಲವೆ ಮಗನ ಮೇಲೆ ದೂರು ಬಂದಾಗ. ಮೊದಲೆರಡು ಕಾರ್ಯಗಳು ಕಚೇರಿಯ ಕಿಟಕಿಯಲ್ಲಿಯೇ ಮುಗಿಯುತ್ತವೆ. ಹೀಗಾಗಿ ಉಪಾಧ್ಯಾಯರ ಮುಖ ಕಾಣುವುದೆಂದರೆ ದೂರು ಕೇಳುವುದೆಂದೇ ಅವನ ಅನುಭವ. 'ಮೇಷ್ಟ್ರು ಬರಹೇಳಿದ್ದಾರೆ' ಎಂಬ ಮಾತು ಮನೆಗೆ ಬಂದೊಡನೆ ತಾಯಿಯ ಎದೆ ಝಲ್ಲೆನ್ನುತ್ತದೆ, ತಂದೆಯ ಕೈ ಮಗನ ಬೆನ್ನಿನ ಕಡೆಗೆ ಹೋಗುತ್ತದೆ. ಪೋಷಕರು ಸಭೆಗೆ ಬರುವುದಿಲ್ಲ, ಅವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯಿಲ್ಲ ಎಂದು ನಾವು ಉಪಾಧ್ಯಾಯರು ಆಗಾಗ ದೂರುತ್ತೇವೆ. ಅವರು ಬಾರದಿರುವುದಕ್ಕೆ ಅನಾಸಕ್ತಿಗಿಂತ ಅಂಜಿಕೆಯೇ ಹೆಚ್ಚಿನ ಕಾರಣವೆಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ತಿಳಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಲೇಸು.

ನಾನು ಸೇವೆಗೆ ಸೇರಿದ ಹೊಸತರಲ್ಲಿ, ಅಡಿಕೆ ಸೀಮೆಯ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಬಾಲಕನೊಬ್ಬನಿದ್ದನು. ಹಳಗನ್ನಡ ಪದ್ಯವನ್ನು ಒಮ್ಮೆ ಕೇಳಿದರೆ ಸಾಕು, ತಪ್ಪಿಲ್ಲದೆ ಒಪ್ಪಿಸುತ್ತಿದ್ದನು. ಕಾರ್ತಿಕ ಮಾಸದಲ್ಲಿ ಹನ್ನೊಂದು ದಿನ ಅವನು ತರಗತಿಗೆ ಬರಲಿಲ್ಲ. ತಂದೆಯನ್ನು ಕರೆದುಕೊಂಡು ಬರುವಂತೆ ಹೇಳಿಕಳುಹಿಸಿದೆ. ಮರುದಿನ ಮಧ್ಯಾಹ್ನ ಆತನು ಬಂದನು. ಅಂಗೈಯೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿತ್ತು. ಬಾಗಿಲಲ್ಲಿಯೇ ನಿಂತನು. ಒಳಗೆ ಬನ್ನಿರೆಂದು ನಾನೂ ಹೇಳಲಿಲ್ಲ. ತರಗತಿಯ ಮುಂದೆಯೇ ಪೋಷಕರ ಜವಾಬ್ದಾರಿಯನ್ನು ಕುರಿತು ಒಂದು ಉಪನ್ಯಾಸವನ್ನೇ ಮಾಡಿದೆ. ಕಡೆಗೆ, ಇನ್ನು ಮುಂದೆ ಮಗನನ್ನು ತಪ್ಪದೆ ಕಳುಹಿಸುವೆನೆಂದು ಬರೆದ ಕಾಗದವನ್ನು ಮುಂದಿಟ್ಟು ಸಹಿ ಮಾಡಿರೆಂದೆ. ಆತನು ಲೇಖನಿಯನ್ನು ಮುಟ್ಟಲಿಲ್ಲ, ಹೆಬ್ಬೆರಳನ್ನು ಮುಂದೆ ಚಾಚಿದನು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಗನು ತಲೆ ಬಗ್ಗಿಸಿ ಕುಳಿತಿದ್ದನು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಎರಡು ತಿಂಗಳ ಮೇಲೆ ಬೇರೊಂದು ಕಾರ್ಯಕ್ಕೆಂದು ಆ ಊರಿಗೆ ಹೋದವನು ಅವರ ಮನೆಗೆ ಹೋದೆ. ತಾಯಿ ಚಾಪೆ ಹಾಸಿ ನೀರು ಕೊಟ್ಟರು. ನಾನು ಕೇಳಿದ ಮೇಲೆ ಮೆಲ್ಲನೆ ಹೇಳಿದರು: "ಅವರಪ್ಪನ್ನ ಎಲ್ಲಾರ ಮುಂದೆ ನಿಲ್ಲಿಸಿ ಕೇಳಿದ್ರಂತಲ್ಲ ಮೇಷ್ಟ್ರೇ. ಹುಡುಗನಿಗೆ ಅದೇ ಮನಸ್ಸಿಗೆ ಹತ್ತಿಬಿಡ್ತು." ಆ ಹನ್ನೊಂದು ದಿನ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ತಾಯಿ ಸುಲಿಯಬೇಕಾದ ಅಡಿಕೆಯನ್ನು ಮಗನು ನಡುರಾತ್ರಿಯವರೆಗೆ ಸುಲಿಯುತ್ತಿದ್ದನೆಂದೂ ಆಗ ತಿಳಿಯಿತು. ನಾನು ಎಷ್ಟು ದಿನ ಬರಲಿಲ್ಲವೆಂದು ಎಣಿಸಿದ್ದೆನೇ ಹೊರತು ಏಕೆ ಬರಲಿಲ್ಲವೆಂದು ಕೇಳಿರಲಿಲ್ಲ. ಕಾಯಕವೇ ಕೈಲಾಸವೆಂದು ಪಾಠ ಹೇಳುವ ನಾನು, ಕಾಯಕದಿಂದ ಕಪ್ಪಾದ ಕೈಗೆ ಒಂದು ಕುರ್ಚಿಯನ್ನು ತೋರಿಸಲಾರದೆ ಹೋದೆ. ಎಷ್ಟು ಹೇಳಿದರೂ ಹುಡುಗನು ಮರಳಿ ಬರಲಿಲ್ಲ.

ಹಿಂದಿನ ಕಾಲದಲ್ಲಿ ಈ ಸಂಬಂಧ ಹೇಗೆ ಆರಂಭವಾಗುತ್ತಿತ್ತೆಂಬುದಕ್ಕೆ ಒಂದು ಹಳೆಯ ದಾಖಲೆ ಇದೆ. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ವಿಚಾರಣೆಗೆ ಆಜ್ಞಾಪಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ವಿವರವಾದ ವರದಿಯನ್ನು ಕಳುಹಿಸಿದನು. ಜಗಳೂರಿಗೆ ಹೊಂದಿಕೊಂಡಿರುವ ಹರಪನಹಳ್ಳಿ ಸೀಮೆಯೂ ಅಂದು ಆ ಜಿಲ್ಲೆಗೆ ಸೇರಿದ್ದುದರಿಂದ ಅದನ್ನು ನಮ್ಮ ನೆರೆಮನೆಯ ವೃತ್ತಾಂತವೆಂದೇ ಓದಬಹುದು. ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಮಗುವಿಗೆ ಐದು ವರ್ಷ ತುಂಬಿದಾಗ ತಾಯಿತಂದೆಗಳು ಉಪಾಧ್ಯಾಯನನ್ನೂ ಶಾಲೆಯ ಇತರ ಮಕ್ಕಳನ್ನೂ ತಮ್ಮ ಮನೆಗೆ ಆಹ್ವಾನಿಸುತ್ತಿದ್ದರಂತೆ. ಗಣೇಶನ ವಿಗ್ರಹದ ಸುತ್ತ ಎಲ್ಲರೂ ಕುಳಿತ ಮೇಲೆ ಉಪಾಧ್ಯಾಯನು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸುತ್ತಿದ್ದನು. ತಾಯಿತಂದೆಗಳು ಯಥಾಶಕ್ತಿ ಕಾಣಿಕೆ ಕೊಟ್ಟು ಅವನನ್ನು ಬೀಳ್ಕೊಡುತ್ತಿದ್ದರು. ಮಗು ಶಾಲೆಗೆ ಹೋಗುವುದು ಅದಾದ ಮೇಲೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಉಪಾಧ್ಯಾಯನೂ ಪೋಷಕರೂ ಮೊದಲು ಸಂಧಿಸಿದ್ದು ಶಾಲೆಯಲ್ಲಲ್ಲ, ಮನೆಯಲ್ಲಿ. ದೂರಿಗಾಗಿ ಅಲ್ಲ, ಮಂಗಳಕಾರ್ಯಕ್ಕಾಗಿ. ಮುಂದೆ ಮಗನು ತಪ್ಪು ಮಾಡಿದಾಗ ಉಪಾಧ್ಯಾಯನು ಹೇಳುವ ಮಾತು ಹೊರಗಿನವನ ಮಾತಾಗುತ್ತಿರಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವುದು ಸಾಧುವಲ್ಲ. ಅದೇ ವರದಿಯಂತೆ ಅಷ್ಟು ಮಂದಿ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಬಡತನದಿಂದಾಗಿ ಜನರು ಮಕ್ಕಳ ವಿದ್ಯೆಯ ವೆಚ್ಚವನ್ನು ಭರಿಸಲಾರದೆ, ಎಳೆಯ ಕೈಗಳಿಗೆ ತುಸು ಶಕ್ತಿ ಬಂದೊಡನೆ ಅವರನ್ನು ಕೆಲಸಕ್ಕೆ ಹಚ್ಚುತ್ತಿದ್ದಾರೆಂದು ಕ್ಯಾಂಬೆಲ್ ಅಂದೇ ಬರೆದಿದ್ದಾನೆ. ಇನ್ನೂರು ವರ್ಷಗಳ ತರುವಾಯ, ನನ್ನ ತರಗತಿಯ ಬಾಲಕನು ಅಡಿಕೆ ಸುಲಿದು ತೂಕಡಿಸಿದುದಕ್ಕೂ ಆ ಮಾತಿಗೂ ಎಷ್ಟು ಅಂತರ?

ಶಾಲೆಯು ಮನೆಯ ಬಳಿಗೆ ಹೋದ ಇನ್ನೊಂದು ಸಂದರ್ಭ ನಮ್ಮ ಕಣ್ಣೆದುರಿಗೇ ನಡೆಯಿತು. 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆಯು 'ವಿದ್ಯಾಗಮ' ಎಂಬ ಯೋಜನೆಯನ್ನು ತಂದಿತು. ಉಪಾಧ್ಯಾಯರು ಹಳ್ಳಿಗಳಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಗಳ ಜಗಲಿಯಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅದು ಅಕ್ಟೋಬರ್‌ನಲ್ಲಿ ನಿಂತುದೂ ನಿಜ, ಅದರಲ್ಲಿ ಅಪಾಯವಿದ್ದುದೂ ನಿಜ. ಆದರೆ ಮಗನು ಗುಣಾಕಾರದಲ್ಲಿ ಎಲ್ಲಿ ತಡವರಿಸುತ್ತಾನೆಂಬುದನ್ನು ಎಷ್ಟೋ ತಾಯಂದಿರು ಕಣ್ಣಾರೆ ಕಂಡದ್ದು ಅಂದೇ. ಹುಡುಗಿಯೊಬ್ಬಳು ಬರೆಯಲು ಕೂರುವ ಸ್ಥಳವು ಒಲೆಗೂ ಕೊಟ್ಟಿಗೆಗೂ ನಡುವಣ ಎರಡು ಅಡಿ ಜಾಗವೆಂಬುದನ್ನು ಉಪಾಧ್ಯಾಯರು ಕಂಡದ್ದೂ ಅಂದೇ. ಆಪತ್ತು ಕಲಿಸಿದ ಈ ಪಾಠವನ್ನು ಆಪತ್ತು ಕಳೆದೊಡನೆ ಮರೆಯುವುದು ವಿವೇಕವಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು (2009) ಉಪಾಧ್ಯಾಯರ ಕರ್ತವ್ಯಗಳನ್ನು 24ನೆಯ ಪ್ರಕರಣದಲ್ಲಿ ಎಣಿಸಿದೆ. ಪೋಷಕರ ಸಭೆಗಳನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವನ್ನು ಅವರಿಗೆ ತಿಳಿಸುವುದು ಅವುಗಳಲ್ಲೊಂದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿಯಿರಬೇಕೆಂದೂ, ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೂ, ಅರ್ಧದಷ್ಟು ಮಹಿಳೆಯರೂ ಇರಬೇಕೆಂದೂ 21ನೆಯ ಪ್ರಕರಣ ವಿಧಿಸುತ್ತದೆ. ನಮ್ಮ ರಾಜ್ಯದಲ್ಲಂತೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದಲೇ ಸರ್ಕಾರಿ ಶಾಲೆಗಳಲ್ಲಿವೆ. ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ 17ನೆಯ ಪ್ರಕರಣ ನಿಷೇಧಿಸಿದೆ. 'ಕಣ್ಣೆರಡು ಬಿಟ್ಟು ಚರ್ಮ ಸುಲಿಯಿರಿ ಮೇಷ್ಟ್ರೇ' ಎಂದು ಮಗನನ್ನು ಒಪ್ಪಿಸಿ ಹೋಗುವ ತಂದೆಗೆ, ಅದು ನನ್ನ ಅಧಿಕಾರವೂ ಅಲ್ಲ, ನಿಮ್ಮ ಅಧಿಕಾರವೂ ಅಲ್ಲ ಎಂದು ನಯವಾಗಿ ತಿಳಿಹೇಳುವುದು ನಮ್ಮ ಕರ್ತವ್ಯ. ಆದರೆ ಕಾನೂನು ಸಭೆಯನ್ನು ಸೇರಿಸಬಲ್ಲದು, ವಿಶ್ವಾಸವನ್ನು ಹುಟ್ಟಿಸಲಾರದು. ಹಾಜರಿ ಪುಸ್ತಕದಲ್ಲಿ ಸಹಿಗಳು ತುಂಬಿದ್ದು, ಸಭೆಯಲ್ಲಿ ಒಬ್ಬ ತಾಯಿಯೂ ಬಾಯಿ ಬಿಡದಿದ್ದರೆ ಆ ಸಭೆಯಿಂದ ಫಲವೇನು?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಶಾಲೆಯು ತನ್ನ ಕಾಲವನ್ನು ಪೋಷಕರ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ನಮ್ಮ ನಾಲ್ಕು ತಾಲ್ಲೂಕುಗಳು ಇಂದು ಒಂದೇ ಜಿಲ್ಲೆಯಲ್ಲಿದ್ದರೂ ಅವುಗಳ ದುಡಿಮೆಯ ಪಂಚಾಂಗ ಒಂದೇ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದುವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಸೂಳೆಕೆರೆಯಿರುವ ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಮನೆಮಂದಿಗೆಲ್ಲ ಬಿಡುವಿಲ್ಲ. ಯಂತ್ರಗಳು ಬಂದ ಮೇಲೆ ಸುಲಿಯುವ ಶ್ರಮ ತಗ್ಗಿದೆ, ತೀರಿಲ್ಲ. ತುಂಗಭದ್ರೆಯ ತೀರದ ಹೊನ್ನಾಳಿಯಲ್ಲಿ ಭತ್ತದ ನಾಟಿಯ ದಿನಗಳಲ್ಲಿ ತಾಯಂದಿರನ್ನು ಸಭೆಗೆ ಕರೆದರೆ ಅವರು ಆ ದಿನದ ಕೂಲಿಯನ್ನು ಕಳೆದುಕೊಂಡು ಬರಬೇಕು. ನ್ಯಾಮತಿಯ ಕಡೆ ಮೆಕ್ಕೆಜೋಳದ ಕಳೆ ತೆಗೆಯುವಾಗಲೂ ಮುರಿಯುವಾಗಲೂ ಇದೇ ಮಾತು. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ತಾಯಿತಂದೆಗಳು ದುಡಿಮೆಗಾಗಿ ದೂರದ ಊರಿಗೆ ಹೋಗಿರುತ್ತಾರೆ. ಮಗುವು ಅಜ್ಜಿಯ ಆಶ್ರಯದಲ್ಲಿರುತ್ತದೆ. ಅಲ್ಲಿ ಸಭೆಗೆ ಬರಬೇಕಾದ ಪೋಷಕಿ ಆ ಅಜ್ಜಿಯೇ. ಅವಳನ್ನು 'ತಂದೆ ಬರಲಿಲ್ಲವೇ?' ಎಂಬ ಪ್ರಶ್ನೆಯಿಂದ ಎದುರುಗೊಳ್ಳಬಾರದು.

ಸೋಮವಾರವೂ ಅಮಾವಾಸ್ಯೆಯಂದೂ ಎತ್ತಿನ ಹೆಗಲಿಗೆ ನೊಗವಿಡದ ಸಂಪ್ರದಾಯ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅಂಥ ದಿನದ ಸಂಜೆಯನ್ನೋ, ಊರಿನ ಸಂತೆಯ ದಿನವನ್ನೋ ಸಭೆಗೆ ಆರಿಸಿಕೊಂಡರೆ ಬರುವವರ ಸಂಖ್ಯೆ ತಾನಾಗಿಯೇ ಹೆಚ್ಚುತ್ತದೆ. ಇದಕ್ಕೆ ಯಾವ ವೆಚ್ಚವೂ ಇಲ್ಲ. ವರ್ಷದ ಮೊದಲಲ್ಲಿ ಪೋಷಕರನ್ನೇ ಕೇಳಿ ದಿನಗಳನ್ನು ಗೊತ್ತುಮಾಡಿದರೆ ಸಾಕು.

ಎರಡನೆಯದಾಗಿ, ಮೊದಲ ಭೇಟಿಯು ದೂರಿಲ್ಲದ ಭೇಟಿಯಾಗಿರಬೇಕು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ, ವಾರಕ್ಕೆ ಎರಡು ಮನೆಗಳಂತೆ ಇಪ್ಪತ್ತು ವಾರಗಳಲ್ಲಿ ಎಲ್ಲ ಮನೆಗಳನ್ನೂ ಕಾಣಬಹುದು. ಜೂನ್‌ನಲ್ಲಿ ಆರಂಭಿಸಿದರೆ ಹೆಚ್ಚುಕಡಮೆ ದೀಪಾವಳಿಯ ವೇಳೆಗೆ ಮುಗಿಯುತ್ತದೆ. ಮುಂಚೆಯೇ ತಿಳಿಸಿ ಹೋಗಬೇಕು. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಉಪಾಧ್ಯಾಯರು ಜೊತೆಗೂಡಿ ಹೋಗುವುದು ಉತ್ತಮ. ಎಲ್ಲ ಕೇರಿಗಳಿಗೂ ಹೋಗಬೇಕು. ಒಂದು ಕೇರಿಯಲ್ಲಿ ಚಾಪೆಯ ಮೇಲೆ ಕುಳಿತು ಕಾಫಿ ಕುಡಿದು, ಇನ್ನೊಂದು ಕೇರಿಯಲ್ಲಿ ಅಂಗಳದಲ್ಲಿಯೇ ನಿಂತು ಮಾತನಾಡಿಸಿ ಬರುವವರು ಹೋಗದಿದ್ದರೇ ಲೇಸು. ಮಕ್ಕಳು ಇದನ್ನು ನಮಗಿಂತ ಮೊದಲು ಗುರುತಿಸುತ್ತಾರೆ.

ಹೋದಾಗ ಹೇಳಬೇಕಾದದ್ದು ಒಂದೇ: ಆ ಮಗುವಿನಲ್ಲಿ ನಾವು ಕಂಡ ಒಂದು ಗುಣ. 'ನಿಮ್ಮ ಮಗ ಜಾಣ' ಎಂಬ ಸಾಮಾನ್ಯ ಮಾತು ಸಾಲದು. 'ನಿಮ್ಮ ಮಗಳು ಬಿದ್ದ ಮಗುವನ್ನು ಎತ್ತಿ ಕೈಕಾಲು ತೊಳೆಸಿದಳು', 'ನಿಮ್ಮ ಮಗ ಬೀಜದ ಹೆಸರುಗಳನ್ನು ನನಗಿಂತ ಚೆನ್ನಾಗಿ ಬಲ್ಲ' ಎಂಬಂತಹ ಕಂಡು ಹೇಳಿದ ಮಾತು ಬೇಕು. ಇಂತಹ ಒಂದು ಮಾತನ್ನು ಹೇಳಲು ಮಗುವನ್ನು ಗಮನಿಸಿರಬೇಕು. ಆದ್ದರಿಂದ ಈ ಭೇಟಿಯ ಮೊದಲ ಲಾಭ ಉಪಾಧ್ಯಾಯನಿಗೇ. ಅನಂತರ ಕೇಳಬೇಕು: ಮಗು ಮನೆಯಲ್ಲಿ ಯಾವಾಗ ಮಲಗುತ್ತದೆ, ಯಾರೊಡನೆ ಹೆಚ್ಚು ಮಾತನಾಡುತ್ತದೆ, ಯಾವ ಕೆಲಸ ಮಾಡುತ್ತದೆ, ಯಾವುದಕ್ಕೆ ಅಂಜುತ್ತದೆ? ಕೇಳಿದ್ದನ್ನು ಶಾಲೆಯ ಕೊಠಡಿಯಲ್ಲಿ ಹರಟೆಗೆ ಬಳಸದಿರುವ ನಿಷ್ಠೆಯೂ ಬೇಕು. ಮನೆಯ ಗುಟ್ಟು ಒಮ್ಮೆ ಬಯಲಾದರೆ ಆ ಬಾಗಿಲು ಮತ್ತೆ ತೆರೆಯದು.

ಮೂರನೆಯದಾಗಿ, ಅಕ್ಷರ ಬಾರದ ತಾಯಿತಂದೆಗಳು ಮಗುವಿನ ಓದಿಗೆ ಏನೂ ಸಹಾಯ ಮಾಡಲಾರರೆಂಬ ಭ್ರಮೆಯನ್ನು ಅವರಿಂದಲೂ ನಮ್ಮಿಂದಲೂ ತೊಲಗಿಸಬೇಕು. ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ಅಕ್ಷರ ಬೇಕಿಲ್ಲ. 'ಇಂದು ಏನು ಕಲಿತೆ? ನನಗೂ ಹೇಳು' ಎನ್ನುವುದಕ್ಕೂ ಬೇಕಿಲ್ಲ. ಹೇಳುವಾಗ ಮಗುವಿಗೆ ತಾನು ಕಲಿತದ್ದು ಗಟ್ಟಿಯಾಗುತ್ತದೆ. ಸೋಬಾನೆ ಪದವನ್ನೋ, ಅಜ್ಜಿಯ ಒಗಟನ್ನೋ ಹೇಳಲು ತಾಯಿಯೊಬ್ಬಳನ್ನು ತರಗತಿಗೆ ಕರೆದರೆ, ಅಂದು ಅವಳೇ ಉಪಾಧ್ಯಾಯಿನಿ. ಕನ್ನಡ ಪಂಡಿತನಾದ ನಾನು ಹೀಗೆ ಬಂದ ತಾಯಂದಿರಿಂದ, ನಿಘಂಟಿನಲ್ಲಿ ಹುಡುಕಿ ಸಿಗದ ಬೇಸಾಯದ ಪದಗಳನ್ನು ಕಲಿತಿದ್ದೇನೆ.

ಕರ್ತವ್ಯವು ಒಂದೇ ಕಡೆಯದಲ್ಲ. ಪೋಷಕರಿಗೂ ವಿನಯದಿಂದ ಕೆಲವು ಮಾತು ಹೇಳಬೇಕಾಗಿದೆ. ಮಗುವಿನ ಎದುರಿನಲ್ಲಿ ಉಪಾಧ್ಯಾಯರನ್ನು ಹಳಿಯಬಾರದು. ಅಸಮಾಧಾನವಿದ್ದರೆ ನೇರವಾಗಿ ಬಂದು ಅವರಲ್ಲಿಯೇ ಹೇಳಬೇಕು, ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ. ಮಗುವು ಶಾಲೆಗೆ ಬಾರದ ನಿಜವಾದ ಕಾರಣವನ್ನು ಮುಚ್ಚಿಟ್ಟು 'ಜ್ವರ' ಎಂದು ಬರೆಸಬಾರದು. ಕೊಯ್ಲೋ ಕಾಯಿಲೆಯೋ ಸಾಲದ ತೊಂದರೆಯೋ, ಇದ್ದದ್ದನ್ನು ಹೇಳಿದರೆ ತಪ್ಪಿದ ಪಾಠವನ್ನು ತುಂಬಿಕೊಡಲು ದಾರಿಯಿದೆ. ಅಂಕಗಳನ್ನು ಮಾತ್ರ ಕೇಳಿ, ನೆರೆಮನೆಯ ಮಗುವಿನೊಡನೆ ಹೋಲಿಸಿ, ಶಾಲೆಯ ಬಾಗಿಲಲ್ಲಿಯೇ ಮಗನ ಕೆನ್ನೆಗೆ ಹೊಡೆಯುವುದು ನಮ್ಮೆಲ್ಲರ ಶ್ರಮವನ್ನು ಹಾಳುಮಾಡುತ್ತದೆ. ಹಾಗೆ ಹೊಡೆತ ಬೀಳುವುದೆಂದು ತಿಳಿದರೆ, ದೋಷವನ್ನು ತಿಳಿಸಬೇಕಾದ ಉಪಾಧ್ಯಾಯನೂ ಸುಮ್ಮನಾಗುತ್ತಾನೆ.

ಇಂದು ಪ್ರತಿ ಮನೆಯಲ್ಲಿಯೂ ಮೊಬೈಲ್ ಇದೆ, ತರಗತಿಗೊಂದು ವಾಟ್ಸಾಪ್ ಗುಂಪಿದೆ. ರಜೆಯ ಸುದ್ದಿ, ಸಭೆಯ ದಿನಾಂಕ ಇವಕ್ಕೆ ಅದು ಬಹು ಉಪಯುಕ್ತ. ಆದರೆ ಒಂದು ಮಗುವಿನ ತಪ್ಪನ್ನೋ ಕಡಿಮೆ ಅಂಕವನ್ನೋ ಆ ಗುಂಪಿನಲ್ಲಿ ಬರೆಯುವುದೆಂದರೆ ಸಂತೆಯಲ್ಲಿ ಡಂಗುರ ಸಾರಿದಂತೆ. ನಾನು ಅಂದು ತರಗತಿಯ ಮುಂದೆ ಮಾಡಿದ ತಪ್ಪು ಇಂದು ಬೆರಳ ತುದಿಯಲ್ಲಿ ನೂರು ಮನೆಗಳ ಮುಂದೆ ನಡೆದುಹೋಗಬಹುದು. ಗುಣವನ್ನು ಹತ್ತು ಜನರ ಮುಂದೆ ಹೇಳಬೇಕು. ದೋಷವನ್ನು ಎದುರಿಗೆ ಕುಳಿತು, ಮೆಲ್ಲನೆ, ತಿದ್ದುವ ದಾರಿಯೊಡನೆ ಹೇಳಬೇಕು.

ನಮ್ಮ ಮಠದ ಶಾಲೆಗಳಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಸಿರಿಗೆರೆಯ ತರಳಬಾಳು ಜಗದ್ಗುರು ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರಂತಹ (1914–1992) ಪೂಜ್ಯರು ಈ ಸೀಮೆಯ ಹಳ್ಳಿಗಳಲ್ಲಿ ವಿದ್ಯಾಸಂಸ್ಥೆಗಳನ್ನು ತೆರೆದಾಗ, ಮೊದಲು ಭಕ್ತರ ಮನೆಯಂಗಳಕ್ಕೆ ಹೋಗಿ, ಬಳಿಕ ಮಕ್ಕಳನ್ನು ಶಾಲೆಗೆ ಕರೆದರು. ಮಠದ ಶಾಲೆ ಹುಟ್ಟಿದ್ದೇ ಮನೆಯ ಹೊಸ್ತಿಲಲ್ಲಿ. ಉಚಿತ ವಿದ್ಯಾರ್ಥಿನಿಲಯದಲ್ಲಿ ದಾಸೋಹದ ಪ್ರಸಾದವುಂಡು ಓದುವ ಮಕ್ಕಳ ತಾಯಿತಂದೆಗಳು ದೂರದಲ್ಲಿರುತ್ತಾರೆ. ಅವರು ವರ್ಷಕ್ಕೊಮ್ಮೆ ಬಂದಾಗ ಕೂರಲು ಒಂದು ಕೊಠಡಿ, ಕುಡಿಯಲು ನೀರು, ಮಾತನಾಡಲು ಬಿಡುವಾದ ಒಬ್ಬ ಉಪಾಧ್ಯಾಯ, ಇಷ್ಟಾದರೂ ಇರಬೇಕು. ದಾನಿಗಳು ಕಟ್ಟಡಕ್ಕೆ ಕೊಡುವ ಧನದಲ್ಲಿ ಅಲ್ಪಭಾಗವನ್ನು ಇಂತಹ ಒಂದು ಪೋಷಕರ ಕೊಠಡಿಗೆ ಮೀಸಲಿಟ್ಟರೆ ಅದು ದೊಡ್ಡ ಸಭಾಂಗಣಕ್ಕಿಂತ ಹೆಚ್ಚು ಫಲ ಕೊಟ್ಟೀತು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ, ಶಾಲೆಗೆ ಬರಲು ಅಂಜುವ ಒಬ್ಬ ಪೋಷಕನ ಕೈಹಿಡಿದು ಜೊತೆಗೆ ಬಂದರೂ ಅದು ಗುರುಋಣವನ್ನು ತೀರಿಸಿದಂತೆಯೇ.

ಮೊದಲು ಹೇಳಿದ ಆ ಬಾಲಕನನ್ನು ಕೆಲವು ವರ್ಷಗಳ ಹಿಂದೆ ಮತ್ತೆ ಕಂಡೆ. ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದನು. ತಂದೆಯಂತೆಯೇ ಬಾಗಿಲಲ್ಲಿ ನಿಂತನು. ನಾನು ಎದ್ದು ಹೋಗಿ ಒಳಗೆ ಕರೆದೆ. ಎರಡು ಸಲ ಹೇಳಿದ ಮೇಲೆ ಕುಳಿತನು. ಅರ್ಜಿಯಲ್ಲಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿದನು. ಹಳೆಯದನ್ನು ನಾನು ಎತ್ತಿದೆ, ತಪ್ಪು ನನ್ನದೆಂದೆ. "ಅಪ್ಪ ಹೋಗಿಬಿಟ್ರು ಸಾರ್" ಎಂದಷ್ಟೇ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳು ಪದ್ಯವನ್ನು ಚೆನ್ನಾಗಿ ಹೇಳುತ್ತಾಳೆಂದನು. ಆ ವಾರವೇ ಅವರ ಮನೆಗೆ ಹೋಗಿಬಂದೆ, ಯಾವ ದೂರೂ ಇಲ್ಲದೆ.

ತಡವಾಗಿ ಮಾಡಿದ ಕಾರ್ಯಕ್ಕೆ ಪೂರ್ಣಫಲವಿಲ್ಲ. ಈ ಸಂಪುಟವನ್ನು ಓದುವ ನನ್ನ ಕಿರಿಯ ಸಹೋದ್ಯೋಗಿಗಳು ಅದನ್ನು ಸಕಾಲದಲ್ಲಿ ಮಾಡಲಿ, ಮಕ್ಕಳ ಮನೆಗೂ ಶಾಲೆಗೂ ನಡುವಣ ಹಾದಿಯಲ್ಲಿ ಹುಲ್ಲು ಬೆಳೆಯದಿರಲಿ ಎಂಬುದೇ ನನ್ನ ಹಾರೈಕೆ.